‘ಹುಚ್ಚ’ ಎಂದು ಬರೆಯಬಹುದೇ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕನ್ನಡ ದಿನಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಒಂದಲ್ಲ ಒಂದು ಸಂಜೆ, ಪುಟ ಮುಗಿಸುವ ಅವಸರದ ನಡುವೆಯೇ ಕುರ್ಚಿ ಎಳೆದುಕೊಂಡು ಬಂದು ಕೇಳುತ್ತಾರೆ: ‘ಸರ್, ಇಲ್ಲಿ ಹುಚ್ಚ ಎಂದು ಹಾಕಬಹುದೇ?’ ಬೇಡ ಎಂದರೆ ಏಕೆ ಎನ್ನುತ್ತಾರೆ. ಹಾಗಾದರೆ ಮೊನ್ನೆ ‘ಕ್ರಿಕೆಟ್ ಹುಚ್ಚು’ ಎಂದು ಹಾಕಿದ್ದೀರಲ್ಲ ಎನ್ನುತ್ತಾರೆ. ಹೇಳಿದ್ದನ್ನೇ ಹೇಳಿ ಬಾಯಿ ನೋಯಿಸಿಕೊಳ್ಳುವ ಬದಲು ಬರೆದಿಟ್ಟರಾಯಿತು ಎಂದು ಕುಳಿತೆ. ಉದ್ದವಾಯಿತು.

‘ಹುಚ್ಚು’ ಎಂಬ ಪದ ಎಲ್ಲಿಂದ ಬಂತು?

ಅಚ್ಚ ಕನ್ನಡ ಪದದ ಮೊದಲಲ್ಲಿ ಹಕಾರ ಕಂಡರೆ ಅದರ ಹಿಂದೆ ಸಾಮಾನ್ಯವಾಗಿ ಪಕಾರ ಅಡಗಿರುತ್ತದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ಹುಚ್ಚಿನ ಹಕಾರವನ್ನೂ ಹಾಗೆ ಹಿಂದಕ್ಕೆ ತಿರುಗಿಸಿ, ತೆಲುಗಿನ ‘ಪಿಚ್ಚಿ’, ತಮಿಳಿನ ‘ಪಿಚ್ಚು’, ‘ಪಿತ್ತು’ಗಳ ಪಕ್ಕದಲ್ಲಿ ನಿಲ್ಲಿಸಿ ನೋಡಿ, ಒಂದೇ ಮನೆಯ ಮುಖಗಳಂತೆ ಕಾಣುತ್ತವೆ. ತಮಿಳರ ‘ಪೈತ್ತಿಯಂ’ ಅಂತೂ ಪಿತ್ತದಿಂದಲೇ ಹುಟ್ಟಿದ್ದು. ನಮ್ಮಲ್ಲಿ ಪೈತ್ಯ ಎಂದರೆ ಇವತ್ತಿಗೂ ಬೆಳಗ್ಗೆ ಎದ್ದಾಗಿನ ಬಾಯಿಕಹಿ, ತಲೆಸುತ್ತು, ವಾಂತಿ; ನಿಂಬೆ ಪಾನಕ ಕುಡಿಸಿ ಮಲಗಿಸಿದರೆ ಸರಿಹೋಗುತ್ತದೆ. ಗಡಿ ದಾಟಿ ಹೊಸೂರಿನಲ್ಲಿ ನಿಂತು ‘ನನಗೆ ಪೈತ್ಯ’ ಎಂದರೆ ಮಾತ್ರ ಕೇಳಿದವರು ಎರಡು ಹೆಜ್ಜೆ ಹಿಂದೆ ಸರಿದಾರು.

ಪಿತ್ತ ಏರಿದರೆ ತಲೆ ಕೆಡುತ್ತದೆ ಎಂಬುದು ಆಯುರ್ವೇದದ ಹಳೆಯ ತಿಳಿವಳಿಕೆ. ಚರಕ ಸಂಹಿತೆ ಉನ್ಮಾದವನ್ನು ಐದು ಬಗೆಯೆಂದು ವಿಂಗಡಿಸುತ್ತದೆ: ವಾತದಿಂದ ಬಂದದ್ದು, ಪಿತ್ತದಿಂದ ಬಂದದ್ದು, ಕಫದಿಂದ ಬಂದದ್ದು, ಮೂರೂ ಒಟ್ಟಿಗೆ ಕೆರಳಿದ ಸನ್ನಿಪಾತ, ಕೊನೆಗೆ ಹೊರಗಿನಿಂದ ಬಂದು ಹೊಕ್ಕ ಆಗಂತು. ಇವುಗಳಲ್ಲಿ ಮೂರಾದರೂ ನಮ್ಮ ಬಾಯಿಮಾತಿನಲ್ಲಿ ಉಳಿದಿವೆ. ‘ಪಿತ್ತ ನೆತ್ತಿಗೇರಿದೆ’, ‘ಸನ್ನಿ ಹಿಡಿದಿದೆ’, ‘ಗಾಳಿ ಸೋಕಿದೆ’. ಜಗಳದಲ್ಲಿ ಹೀಗೆ ಬೈಯುವವರು ಎರಡು ಸಾವಿರ ವರ್ಷದ ರೋಗನಿದಾನವನ್ನೇ ಒಪ್ಪಿಸುತ್ತಿರುತ್ತಾರೆ, ಪಾಪ.

ಹಳಗನ್ನಡದಲ್ಲಿ ಏನೆನ್ನುತ್ತಿದ್ದರು?

ಮರುಳ್. ನನಗೆ ಇಡೀ ಬಳಗದಲ್ಲಿ ಬಹಳ ಇಷ್ಟವಾದ ಪದ ಇದು. ಹುಚ್ಚು, ಮೋಹ, ದಿಗ್ಭ್ರಮೆ ಎಲ್ಲ ಅದರಲ್ಲಿದೆ. ಜೊತೆಗೆ ಪಿಶಾಚಿ ಎಂಬ ಅರ್ಥವೂ ಇದೆ. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ರಣರಂಗದ ಹೆಣಗಳ ನಡುವೆ ಕುಣಿಯುವ ಮರುಳ್‌ಗಳು ಈ ಪಿಶಾಚಿಗಳೇ. ಹಿಡಿಯುವ ದೆವ್ವಕ್ಕೂ ಹಿಡಿಸಿಕೊಂಡವನ ಸ್ಥಿತಿಗೂ ಒಂದೇ ಹೆಸರು.

ಇದು ಕನ್ನಡಿಗರದ್ದಷ್ಟೇ ಕಲ್ಪನೆಯಲ್ಲ. ಕೊಂಕಣಿಯಲ್ಲಿ ಹುಚ್ಚನಿಗೆ ‘ಪಿಸೊ’ ಎನ್ನುತ್ತಾರೆ, ಅದರ ಬೇರು ಪಿಶಾಚ. ಹಿಂದಿ ಹಾಡುಗಳ ‘ದೀವಾನಾ’ದೊಳಗೆ ಪಾರಸಿಯ ‘ದೇವ್’, ಅಂದರೆ ರಾಕ್ಷಸ, ಕುಳಿತಿದ್ದಾನೆ. ಅರಬ್ಬಿಯ ‘ಮಜ್ನೂನ್’ ಎಂದರೆ ಜಿನ್ ಹಿಡಿದವನು. ಲೈಲಾಳ ಹಿಂದೆ ಹೋದ ಮಜ್ನೂವಿನ ಹೆಸರು ಅದೇ. ಹೀಗೆ ಹುಡುಕುತ್ತಾ ಹೋದರೆ ನಮ್ಮ ಅರ್ಧ ಪ್ರೇಮಗೀತೆಗಳು ದೆವ್ವ ಬಿಡಿಸುವವರ ಅಂಗಳದಲ್ಲಿ ಹುಟ್ಟಿದಂತೆ ಕಾಣುತ್ತವೆ. ಕರಾವಳಿಗೆ ಇಳಿದರೆ ತುಳುವಿನ ‘ಮರ್ಲ್’ ಇದೆ, ಮರುಳಿನ ಖಾಸಾ ತಂಗಿ.

‘ಮಳ್ಳ’ ಎಂಬುದೂ ಅದೇ ಪದವೇ?

ಅದೇ. ಕರುಳು ಆಡುಮಾತಿನಲ್ಲಿ ಕಳ್ಳು ಆಗುತ್ತದೆ, ಅರಳು ಅಳ್ಳು ಆಗುತ್ತದೆ. ಹಾಗೆಯೇ ಮರುಳು ಮಳ್ಳು ಆಯಿತು. ಆದರೆ ಅರ್ಥ ಹೊರಳಿದ ಚಂದ ನೋಡಿ. ಉತ್ತರ ಕನ್ನಡದ ಕಡೆ ಮಳ್ಳ ಎಂದರೆ ಇನ್ನೂ ಹುಚ್ಚನೇ, ಪೆದ್ದನೇ. ಹಳೆ ಮೈಸೂರಿನ ಕಡೆ ಮಳ್ಳ ಎಂದರೆ ಏನೂ ಅರಿಯದವನಂತೆ ನಟಿಸುವ ಆಸಾಮಿ. ‘ಮಳ್ಳಿ ಮಳ್ಳಿ, ಮಂಚಕ್ಕೆ ಎಷ್ಟು ಕಾಲು ಎಂದರೆ ಮೂರು ಮತ್ತೊಂದು’ ಎಂಬ ಗಾದೆಯ ಮಳ್ಳಿ ಹುಚ್ಚಿಯಲ್ಲ, ಊರನ್ನೇ ಮಾರಿಬರುವವಳು. ಇಲ್ಲಿ ಹುಚ್ಚು ಸವೆದು ಹೋಗಿ ಕಪಟ ಉಳಿದಿದೆ. ಈಗ ಸಚಿವರೊಬ್ಬರನ್ನು ‘ಮಳ್ಳ’ ಎಂದರೆ ಅವರ ಬುದ್ಧಿಯನ್ನು ಹೊಗಳಿದಂತೆಯೇ ಲೆಕ್ಕ.

ತಿಕ್ಕಲು, ಐಲು, ಮಂಕು, ಬೆಪ್ಪು?

ಇವು ಪಕ್ಕದ ಮನೆಯವು. ತಿಕ್ಕಲಿಗೆ ತೆಲುಗಿನಲ್ಲಿ ‘ತಿಕ್ಕ’ ಎಂಬ ಜೋಡಿ ಇದೆ. ಸಿಡುಕು, ಮೊಂಡು, ಹೇಳಿದ್ದಕ್ಕೆ ಉಲ್ಟಾ ಮಾಡುವ ಸ್ವಭಾವ ಎಲ್ಲ ಅದರಲ್ಲಿ ಬರುತ್ತದೆ. ಐಲುಪೈಲು ಎಂದರೆ ಹಿಡಿತವಿಲ್ಲದ ನಡೆನುಡಿ. ಮಂಕು, ಬೆಪ್ಪು ಎರಡೂ ಮಂದಬುದ್ಧಿಯ ಕಡೆಗೆ ವಾಲುತ್ತವೆ. ಕನ್ನಡಿಗರು ಹುಚ್ಚನ್ನೂ ದಡ್ಡತನವನ್ನೂ ಒಂದೇ ಚೀಲಕ್ಕೆ ಹಾಕಿ ಕುಲುಕುತ್ತಾರೆ. ಎರಡೂ ಬೇರೆ ಬೇರೆ ಎಂದು ವೈದ್ಯರು ಎಷ್ಟು ಹೇಳಿದರೂ ಬೈಗುಳಕ್ಕೆ ಆ ಸೂಕ್ಷ್ಮ ಬೇಕಾಗಿಲ್ಲ.

ಹುಚ್ಚೆಳ್ಳಿಗೆ ಆ ಹೆಸರು ಏಕೆ?

ಈ ಪ್ರಶ್ನೆ ಕೇಳಿದವರು ಒಬ್ಬರೇ. ಆದರೂ ಪದೇ ಪದೇ ಕೇಳುವ ಪ್ರಶ್ನೆಗಳಲ್ಲಿ ಸೇರಿಸುತ್ತಿದ್ದೇನೆ, ಏಕೆಂದರೆ ನನಗೆ ಉತ್ತರಿಸುವ ಆಸೆ.

ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿಯ ಜೊತೆ ಹುಚ್ಚೆಳ್ಳು ಹಾಕುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಲದ ನಡುವೆ ಅರಿಸಿನದ ಗೆರೆ ಎಳೆದಂತೆ ಹೂ ಬಿಡುತ್ತದೆ. ಕಾಳು ಕಪ್ಪಗೆ, ಸಣ್ಣಗೆ, ಎಳ್ಳಿನ ಹಾಗೆಯೇ. ಆದರೆ ಗಿಡ ಎಳ್ಳಿನ ಜಾತಿಯದ್ದಲ್ಲ, ಸೂರ್ಯಕಾಂತಿಯ ಬಳಗದ್ದು. ಎಳ್ಳಿನಂತೆ ಕಂಡೂ ಎಳ್ಳಲ್ಲದ್ದು, ಆದ್ದರಿಂದ ಹುಚ್ಚೆಳ್ಳು ಎಂದು ನಾನು ಓದಿಕೊಂಡಿದ್ದೇನೆ. ಕಟ್ಟು ಮೀರಿದ್ದು, ಅಳತೆ ತಪ್ಪಿದ್ದು ಎಂಬ ಅರ್ಥ ಹುಚ್ಚಿಗೆ ಬೇರೆಡೆಯೂ ಉಂಟು: ಹುಚ್ಚುಹೊಳೆ, ಹುಚ್ಚುಮಳೆ, ಹುಚ್ಚು ಧೈರ್ಯ, ಹುಚ್ಚಾಪಟ್ಟೆ ಖರ್ಚು. ಇಲ್ಲೆಲ್ಲ ಕಾಯಿಲೆಯ ಸುಳಿವೇ ಇಲ್ಲ.

ನಮ್ಮ ಮನೆಯಲ್ಲಿ ಮಾತ್ರ ಆ ಕಾಳಿಗೆ ಆ ಹೆಸರಿರಲಿಲ್ಲ. ದೊಡ್ಡಮ್ಮನಿಗೆ ಮೂರನೆಯ ಹೆರಿಗೆಯಾದ ಮೇಲೆ ಬಾಣಂತಿ ಸನ್ನಿ ಆಗಿತ್ತು. ನಿದ್ದೆಯಿಲ್ಲ, ಮಗುವನ್ನು ಯಾರೋ ಬದಲಾಯಿಸಿದ್ದಾರೆ ಎಂಬ ಹಟ, ಒಂದು ರಾತ್ರಿ ಬಾವಿಕಟ್ಟೆಯ ಮೇಲೆ ಹೋಗಿ ಕುಳಿತಿದ್ದರಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು ಗುಣವಾಗಿ ಬಂದರು. ಅವರು ಬರುವ ಹಿಂದಿನ ದಿನ ಅಜ್ಜಿ ಮನೆಯವರನ್ನೆಲ್ಲ ಕೂರಿಸಿಕೊಂಡು, ಇನ್ನು ಮುಂದೆ ಈ ಮನೆಯಲ್ಲಿ ಯಾರೂ ‘ಹುಚ್ಚು’ ಎನ್ನಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಹುಚ್ಚೆಳ್ಳಿಗೂ ಅದು ಅನ್ವಯಿಸಿತು. ದಾವಣಗೆರೆ ಕಡೆಯ ನೆಂಟರಿಂದ ಕಲಿತ ‘ಗುರೆಳ್ಳು’ ಎಂಬ ಹೆಸರು ಡಬ್ಬಿಗೆ ಬಂತು. ಒಂದು ದಿನ ಚಟ್ನಿಪುಡಿಗೆ ಕಾಳು ಹುರಿಯುತ್ತಿದ್ದ ದೊಡ್ಡಮ್ಮ, ನಾನು ಅಜ್ಜಿಯ ಕಡೆ ಒಂದು ಕಣ್ಣಿಟ್ಟು ‘ಗುರೆಳ್ಳು’ ಎಂದದ್ದನ್ನು ಕೇಳಿ ಸಟ್ಟುಗ ಬಿಟ್ಟು ನಕ್ಕರು. ‘ಎಳ್ಳು ಏನು ಮಾಡಿತ್ತೋ ಪಾಪ, ಅದಕ್ಕೇಕೆ ಹೆಸರು ಬದಲಾಯಿಸಿದಿರಿ?’ ಬಾಣಲೆಯಲ್ಲಿ ಕಾಳು ಚಟಪಟ ಎನ್ನುತ್ತಿತ್ತು. ಅಜ್ಜಿ ಮಾತ್ರ ನಗಲಿಲ್ಲ.

ಹುಚ್ಚಪ್ಪ, ಹುಚ್ಚಮ್ಮ ಎಂದು ಹೆಸರಿಡುತ್ತಿದ್ದರಲ್ಲ, ಅದು ಅವಮಾನವೇ?

ಅಲ್ಲ. ಹುಚ್ಚಪ್ಪ, ಹುಚ್ಚಯ್ಯ, ಹುಚ್ಚಮ್ಮ, ಹುಚ್ಚೇಗೌಡ ಇವೆಲ್ಲ ಹಳ್ಳಿಗಳಲ್ಲಿ ಗೌರವಸ್ಥರು ಹೊತ್ತು ಬಾಳಿದ ಹೆಸರುಗಳು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಮಗುವಿಗೆ ಯಮನ ಕಣ್ಣಿಗೂ ಬೇಡವಾಗುವ ಹೆಸರಿಡುವುದು ಒಂದು ರೂಢಿ. ತಿಪ್ಪಯ್ಯ, ತಿಪ್ಪಮ್ಮಂದಿರ ಹಿಂದಿನ ಕಥೆಯೂ ಅದೇ. ಇನ್ನು ಕೆಲವು ಮನೆಗಳಲ್ಲಿ ಅದು ದೇವರ ಹೆಸರು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಆಂಜನೇಯನ ಹೆಸರು ಹುಚ್ಚುರಾಯಸ್ವಾಮಿ. ಸಂಸ್ಕೃತದಲ್ಲಿ ಭ್ರಾಂತೇಶ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರನ್ನೂ ಒಂದೇ ದಿನ ನೋಡಿಬರುವ ಭಕ್ತರಿದ್ದಾರೆ. ಹುಚ್ಚನ್ನು ದೇವರ ಹೆಸರಿಗೆ ಸೇರಿಸಿ ಕೈಮುಗಿಯುವ ಊರಿನಲ್ಲಿ ಅದು ಬರೀ ಬೈಗುಳವಾಗಿರಲು ಸಾಧ್ಯವಿಲ್ಲ. ಶರಣ ಪರಂಪರೆಯ ಮರುಳಸಿದ್ಧ, ಮರುಳಶಂಕರದೇವ ಎಂಬ ಹೆಸರುಗಳನ್ನೂ ಇಲ್ಲಿಗೇ ಸೇರಿಸಿ. ಲೋಕದ ಲೆಕ್ಕಕ್ಕೆ ಸಿಗದವನು ಮರುಳ. ಅವನು ಕೆಟ್ಟವನೋ ಸಿದ್ಧನೋ ಎಂಬುದು ನೋಡುವವರ ಮೇಲೆ. ದಾಸರೂ ಹರಿನಾಮದ ಹುಚ್ಚು ಹಿಡಿಯಿತು ಎಂದು ಹಾಡಿಕೊಂಡರು.

ಇಂದಿನ ತಂದೆತಾಯಿಯರು ಮಗನಿಗೆ ಹುಚ್ಚಪ್ಪ ಎಂದು ಇಡುವುದಿಲ್ಲ. ತಾತನ ಹೆಸರನ್ನು ಅರ್ಜಿಯಲ್ಲಿ ‘ಹೆಚ್.’ ಎಂಬ ಒಂದಕ್ಷರಕ್ಕೆ ಇಳಿಸಿದ ಮೊಮ್ಮಕ್ಕಳನ್ನು ನಾನೇ ಬಲ್ಲೆ.

ಲೂಸು, ಮೆಂಟಲ್, ಕ್ರ್ಯಾಕ್, ಸೈಕೋ ಯಾವಾಗ ಕನ್ನಡವಾದವು?

ಲೂಸು ಇಂಗ್ಲಿಷಿನ ಸಡಿಲಾದ ಸ್ಕ್ರೂವಿನಿಂದ ಬಂದದ್ದು. ನಾವು ಸ್ಕ್ರೂವನ್ನು ಕೈಬಿಟ್ಟು ಸಡಿಲನ್ನಷ್ಟೇ ಇಟ್ಟುಕೊಂಡೆವು, ಕೊನೆಗೊಂದು ಉಕಾರ ಹಾಕಿ ಮನೆಗೆ ಸೇರಿಸಿಕೊಂಡೆವು. ಪಿತ್ತ, ದೆವ್ವಗಳ ಕಾಲ ಹೋಗಿ ಯಂತ್ರದ ಕಾಲ ಬಂದಿತ್ತು. ನಟ್ಟು ಸಡಿಲ, ಬೋಲ್ಟ್ ಬಿದ್ದಿದೆ, ಫ್ಯೂಸ್ ಹೋಗಿದೆ ಎನ್ನುವವರೆಲ್ಲ ತಲೆಯನ್ನು ಮೋಟಾರಿನಂತೆ ಕಂಡವರು. ಲೂಸು ಈಗ ಅರ್ಧ ಮುದ್ದಿನ ಪದ. 2007ರ ‘ದುನಿಯಾ’ ಚಿತ್ರದ ಲೂಸ್ ಮಾದ ಎಂಬ ಪಾತ್ರದ ಹೆಸರು ಅದನ್ನು ಮಾಡಿದ ನಟ ಯೋಗೇಶ್‌ಗೇ ಅಂಟಿಕೊಂಡಿತು, ಅಭಿಮಾನಿಗಳು ಅದನ್ನು ಬಿರುದಿನಂತೆ ಕೂಗಿದರು. ‘ಮೆಂಟಲ್ ಮಾದ’ ಎಂದಿದ್ದರೆ ಹಾಗೆ ಕೂಗುತ್ತಿರಲಿಲ್ಲ ಎಂದು ನನ್ನ ಊಹೆ. ಮೆಂಟಲ್‌ನಲ್ಲಿ ಮೊನಚು ಹೆಚ್ಚು.

ಮೆಂಟಲ್‌ನ ಕಥೆಯೇ ಬೇರೆ. ಅದು ಮರ್ಯಾದೆಯ ಪದವಾಗಿ ಬಂತು. ಬ್ರಿಟಿಷರ ಕಾಲದ ‘ಲುನಾಟಿಕ್ ಅಸೈಲಂ’ಗಳ ಹೆಸರು ಕೇಳಲು ಕಠಿಣವಾಗಿದೆ ಎಂದು 1922ರಲ್ಲಿ ಕಾನೂನು ತಿದ್ದಿ ‘ಮೆಂಟಲ್ ಹಾಸ್ಪಿಟಲ್’ ಮಾಡಿದರು. 1847ರಲ್ಲಿ ಶುರುವಾಗಿದ್ದ ಬೆಂಗಳೂರಿನ ಅಸೈಲಂ ಅನ್ನು ಮೈಸೂರು ಸರ್ಕಾರ 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂದು ಕರೆಯಿತು. ಅಲ್ಲಿಂದ ‘ಮೆಂಟಲ್ ಕೇಸ್’ ಆಯಿತು, ಆಮೇಲೆ ಕೇಸ್ ಉದುರಿತು. ನೋವು ತಪ್ಪಿಸಲು ಫಲಕದ ಮೇಲೆ ಬರೆಸಿದ ಪದ ರಸ್ತೆಗಿಳಿದು ಕಲ್ಲಾಯಿತು.

ಸೈಕೋ ಬಗ್ಗೆ ನನ್ನ ಸಿಟ್ಟು ಇನ್ನೂ ಆರಿಲ್ಲ. ಗ್ರೀಕಿನಲ್ಲಿ ಪ್ರಾಣ, ಆತ್ಮ ಎಂಬ ಅರ್ಥದ ಪದವನ್ನು ನಮ್ಮ ಅಪರಾಧ ಪುಟಗಳು ಕೊಲೆಗಾರನ ಮುಂದಿನ ವಿಶೇಷಣವನ್ನಾಗಿ ಮಾಡಿಕೊಂಡಿವೆ. ಮಾನಸಿಕ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆಗೆ ಒಳಗಾಗುವುದೇ ಹೆಚ್ಚು. ಶೀರ್ಷಿಕೆಯಲ್ಲಿ ಮೂರಕ್ಷರ ಉಳಿಸಲು ಅವರನ್ನೆಲ್ಲ ಚಾಕು ಹಿಡಿದವರ ಸಾಲಿಗೆ ನಿಲ್ಲಿಸಬೇಕೇ?

ಊರಿನ ಹೆಸರೂ ಬೈಗುಳವಾಗುವುದು ನಮ್ಮಲ್ಲಿ ಮಾತ್ರವೇ?

ಎಲ್ಲ ಕಡೆಯೂ ಇದೆ. ಉತ್ತರ ಕರ್ನಾಟಕದಲ್ಲಿ ‘ಇವನನ್ನು ಧಾರವಾಡಕ್ಕೆ ಕಳುಹಿಸಬೇಕು’ ಎಂದರೆ ಓದಲಿಕ್ಕೋ ಪೇಡೆಗೋ ಅಲ್ಲ. ಅಲ್ಲಿಯ ಮಾನಸಿಕ ಆಸ್ಪತ್ರೆಗೆ 1845ರಷ್ಟು ಹಳೆಯ ಬೇರಿದೆ. ದಕ್ಷಿಣದಲ್ಲಿ ಆ ಜಾಗವನ್ನು ನಿಮ್ಹಾನ್ಸ್ ತುಂಬುತ್ತದೆ. ಚೆನ್ನೈಯವರಿಗೆ ಕೀಳ್ಪಾಕ್ಕಂ, ಹೈದರಾಬಾದಿನವರಿಗೆ ಎರ್ರಗಡ್ಡ, ಕೋಳಿಕ್ಕೋಡಿನವರಿಗೆ ಕುದಿರವಟ್ಟಂ, ಪುಣೆಯವರಿಗೆ ಯರವಡ, ಹಿಂದಿಯವರಿಗೆ ಆಗ್ರಾ ಅಥವಾ ರಾಂಚಿ. ತಾಜ್ ಮಹಲ್ ಇರುವ ಊರಿಗೂ ಇದು ತಪ್ಪಿಲ್ಲ. ಇಂಗ್ಲಿಷಿನಲ್ಲಿ ಗದ್ದಲ, ಗೊಂದಲಕ್ಕೆ ‘ಬೆಡ್ಲಂ’ ಎಂಬ ಪದವಿದೆ. ಅದು 1247ರಲ್ಲಿ ಸ್ಥಾಪನೆಯಾದ ಲಂಡನ್ನಿನ ಬೆತ್ಲೆಹೆಂ ಮಠದ ಹೆಸರು ಸವೆದು ಆದದ್ದು. ಆ ಮಠವೇ ಮುಂದೆ ಹುಚ್ಚಾಸ್ಪತ್ರೆಯಾಯಿತು. ಯೇಸು ಹುಟ್ಟಿದ ಊರಿನ ಹೆಸರು ಹೀಗಾಯಿತು ಎಂದ ಮೇಲೆ ಧಾರವಾಡದವರು ಬೇಸರಿಸಬೇಕಾಗಿಲ್ಲ.

ಈ ತಮಾಷೆಗೆ ಬೆಲೆ ತೆರುವವರು ಬೇರೆಯವರು. ಸಾಲು ಸಾಲು ರಾತ್ರಿ ನಿದ್ದೆ ಬಾರದವನಿಗೆ ‘ನಿಮ್ಹಾನ್ಸ್‌ಗೆ ಒಮ್ಮೆ ತೋರಿಸಿಕೊಂಡು ಬಾ’ ಎಂದು ಒಳ್ಳೆಯ ಮನಸ್ಸಿನಿಂದ ಹೇಳಿದರೂ ಅವನು ಬೈದರು ಎಂದುಕೊಳ್ಳುತ್ತಾನೆ. ಅಲ್ಲಿ ಪಾರ್ಶ್ವವಾಯುವಿಗೂ ಮೂರ್ಛೆರೋಗಕ್ಕೂ ಮೆದುಳಿನ ಗೆಡ್ಡೆಗೂ ಚಿಕಿತ್ಸೆ ಇದೆ ಎಂದು ವಿವರಿಸುವಷ್ಟರಲ್ಲಿ ಅವನು ಎದ್ದು ಹೋಗಿ ಆಗಿರುತ್ತದೆ. ದೂರವಾಣಿಯಲ್ಲೇ ಕನ್ನಡದಲ್ಲಿ ಮಾತನಾಡಬಹುದಾದ ಟೆಲಿ ಮಾನಸ್ 14416 ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಯಿತು. ಅದಕ್ಕೆ ಊರಿನ ಹೆಸರಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯದು.

ಕಾನೂನು ಏನೆಂದು ಕರೆಯುತ್ತದೆ?

1912ರ ಕಾಯ್ದೆಯ ಹೆಸರೇ ಇಂಡಿಯನ್ ಲೂನಸಿ ಆ್ಯಕ್ಟ್. ಲುನಾಟಿಕ್‌ನಲ್ಲಿರುವ ಲೂನಾ ಎಂದರೆ ಲ್ಯಾಟಿನ್ನಿನ ಚಂದ್ರ. ಅಮಾವಾಸ್ಯೆ ಹುಣ್ಣಿಮೆಗೆ ಕೆರಳುತ್ತದೆ ಎಂಬ ನಂಬಿಕೆ ನಮ್ಮ ಅಜ್ಜಿಯಂದಿರದ್ದು ಮಾತ್ರವಾಗಿರಲಿಲ್ಲ. ಆ ಕಾಯ್ದೆ ‘ಲುನಾಟಿಕ್’ ಎಂದರೆ ‘ಈಡಿಯಟ್ ಅಥವಾ ಚಿತ್ತ ಸ್ವಸ್ಥವಿಲ್ಲದ ವ್ಯಕ್ತಿ’ ಎಂದು ವ್ಯಾಖ್ಯಾನಿಸಿತ್ತು. 1987ರ ಕಾಯ್ದೆ ‘ಮಾನಸಿಕ ಅಸ್ವಸ್ಥ ವ್ಯಕ್ತಿ’ ಎಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ‘ಮಾನಸಿಕ ಕಾಯಿಲೆ ಇರುವ ವ್ಯಕ್ತಿ’ ಎಂದಿತು. ವ್ಯಕ್ತಿ ಬೇರೆ, ಕಾಯಿಲೆ ಬೇರೆ ಎಂದು ಒಪ್ಪಿಕೊಳ್ಳಲು ಕಾನೂನಿಗೆ 105 ವರ್ಷ ಹಿಡಿಯಿತು.

ಎಲ್ಲ ಮೂಲೆಯೂ ಗುಡಿಸಿ ಆಗಿಲ್ಲ. ಸಂಸದರ ಅನರ್ಹತೆ ಹೇಳುವ ಸಂವಿಧಾನದ 102ನೇ ವಿಧಿಯಲ್ಲಿ ‘ಚಿತ್ತ ಸ್ವಸ್ಥವಿಲ್ಲದ’ ಎಂಬ ಹಳೆಯ ನುಡಿಗಟ್ಟೇ ಇದೆ. ದಂಡ ಸಂಹಿತೆಯ 84ನೇ ಕಲಮಿನಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿಗೆ ಬಂದರೂ ಅದೇ ಮಾತು ಜೊತೆಯಲ್ಲಿ ಬಂದಿದೆ.

ಯಾರನ್ನಾದರೂ ಹುಚ್ಚ ಎಂದರೆ ಶಿಕ್ಷೆಯಾಗುತ್ತದೆಯೇ?

ಗೆಳೆಯನಿಗೆ ಹೇಳಿದರೆ ಆಗುವುದಿಲ್ಲ. ಆದರೆ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 92ನೇ ಕಲಮಿನ ಪ್ರಕಾರ, ಅಂಗವೈಕಲ್ಯವುಳ್ಳ ವ್ಯಕ್ತಿಯನ್ನು ಸಾರ್ವಜನಿಕರ ಎದುರು ಹೀನಾಯಗೊಳಿಸುವ ಉದ್ದೇಶದಿಂದಲೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಸೆರೆವಾಸ, ದಂಡ ಇದೆ. ಆ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. 2023ರ ಡಿಸೆಂಬರಿನಲ್ಲಿ ಚುನಾವಣಾ ಆಯೋಗ ರಾಜಕೀಯ ಪಕ್ಷಗಳಿಗೆ, ಭಾಷಣದಲ್ಲಿ ‘ಪಾಗಲ್’, ‘ಸಿರ್‌ಫಿರಾ’ದಂತಹ ಪದ ಬಳಸಬೇಡಿ ಎಂದು ಹೇಳಿತು. ಪಾಲನೆ ಹೇಗಿದೆ ಎಂಬುದನ್ನು ಭಾಷಣ ಕೇಳುವವರಿಗೆ ನಾನು ಹೇಳಬೇಕಾಗಿಲ್ಲ. 2019ರಲ್ಲಿ ‘ಮೆಂಟಲ್ ಹೈ ಕ್ಯಾ’ ಎಂಬ ಹಿಂದಿ ಚಿತ್ರ ಮನೋವೈದ್ಯರ ಸಂಘದ ಆಕ್ಷೇಪದ ನಂತರ ‘ಜಡ್ಜ್‌ಮೆಂಟಲ್ ಹೈ ಕ್ಯಾ’ ಎಂದು ಹೆಸರು ಬದಲಿಸಿಕೊಂಡಿತು. ಮೆಂಟಲ್ ಅದರೊಳಗೇ ಉಳಿಯಿತು ಎಂಬುದು ಬೇರೆ ಮಾತು. ಹದಿನೆಂಟು ವರ್ಷ ಹಿಂದೆ ಹೋಗಿ ನೋಡಿ: 2001ರಲ್ಲಿ ಕನ್ನಡದಲ್ಲಿ ‘ಹುಚ್ಚ’ ಎಂಬ ಹೆಸರಿನದೇ ಚಿತ್ರ ಬಂದು ಯಶಸ್ವಿಯಾಗಿತ್ತು.

ಗಾದೆಗಳನ್ನೂ ಬಿಡಬೇಕೇ?

ನಾನು ಬಿಡುವ ಪಕ್ಷದವನಲ್ಲ, ಓದುವ ಪಕ್ಷದವನು. ‘ಹುಚ್ಚು ಬಿಟ್ಟ ಹೊರತು ಮದುವೆಯಾಗದು, ಮದುವೆಯಾದ ಹೊರತು ಹುಚ್ಚು ಬಿಡದು’ ಎಂಬುದನ್ನು ನಾವು ಯಾವುದಾದರೂ ಕಡತ ಎರಡು ಇಲಾಖೆಗಳ ನಡುವೆ ಸಿಕ್ಕಿಕೊಂಡಾಗ ಬಳಸುತ್ತೇವೆ, ನಗುತ್ತೇವೆ. ಆದರೆ ಗಾದೆ ಕಟ್ಟಿದವರು ಕಂಡದ್ದು ನಿಜವಾದ ಮನೆಯನ್ನು. ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಕಾಯಿಲೆ ಮುಚ್ಚಿಟ್ಟು ತಾಳಿ ಕಟ್ಟಿಸಿದ ಮನೆಗಳು ಇಂದಿಗೂ ಇವೆ. 1955ರ ಹಿಂದೂ ವಿವಾಹ ಕಾಯ್ದೆ ವಧುವರರಲ್ಲಿ ಯಾರೂ ‘ಈಡಿಯಟ್ ಅಥವಾ ಲುನಾಟಿಕ್’ ಆಗಿರಕೂಡದು ಎಂದು ಬರೆದಿತ್ತು, 1976ರಲ್ಲಿ ಆ ಪದಗಳನ್ನು ತೆಗೆದರು. ಗಾದೆಯ ಒಂದು ಬಾಗಿಲನ್ನು ಕಾನೂನು ಮುಚ್ಚಿತು, ಇನ್ನೊಂದು ತೆರೆದೇ ಇದೆ.

‘ಹುಚ್ಚು ಮುಂಡೆ ಮದುವೆಯಲ್ಲಿ ಉಂಡವನೇ ಜಾಣ’ ಎಂಬುದನ್ನು ಮಾತ್ರ ನಮ್ಮ ಪುಟದಲ್ಲಿ ಕಂಡಲ್ಲಿ ಹೊಡೆದು ಹಾಕುತ್ತೇನೆ. ಒಬ್ಬ ಹೆಂಗಸಿಗೆ ಎರಡು ಬೈಗುಳ, ಅವಳ ಊಟ ಉಂಡವನಿಗೆ ಜಾಣ ಎಂಬ ಬಿರುದು. ಅವ್ಯವಸ್ಥೆಯ ಬಗ್ಗೆ ಬರೆಯಲು ಕನ್ನಡದಲ್ಲಿ ಬೇರೆ ಮಾತಿಲ್ಲವೇ? ‘ಜನ ಮರುಳೋ ಜಾತ್ರೆ ಮರುಳೋ’ ಇರಲಿ. ಅದು ಯಾರೊಬ್ಬರ ತಲೆಯ ಮೇಲೂ ಬೀಳುವುದಿಲ್ಲ.

‘ಕ್ರಿಕೆಟ್ ಹುಚ್ಚು’, ‘ಪುಸ್ತಕದ ಹುಚ್ಚು’ ಸರಿ, ‘ಹುಚ್ಚ’ ತಪ್ಪು. ಇದು ಯಾವ ನ್ಯಾಯ?

ಇದು ವ್ಯಾಕರಣದ ನ್ಯಾಯ. ನನ್ನ ಪೂರ್ತಿ ವಾದ ಇದರ ಮೇಲೆಯೇ ನಿಂತಿದೆ, ಸ್ವಲ್ಪ ತಾಳ್ಮೆಯಿರಲಿ.

ಕನ್ನಡದಲ್ಲಿ ಹುಚ್ಚು ಹಿಡಿಯುತ್ತದೆ, ಬಿಡುತ್ತದೆ. ಗ್ರಹಣ ಹಿಡಿಯುತ್ತದೆ, ಬಿಡುತ್ತದೆ. ಮಳೆ ಹಿಡಿಯುತ್ತದೆ, ಬಿಡುತ್ತದೆ. ಜ್ವರವೂ ಬರುತ್ತದೆ, ಬಿಡುತ್ತದೆ. ‘ಅವನಿಗೆ ಹುಚ್ಚು ಹಿಡಿದಿದೆ’ ಎಂಬ ವಾಕ್ಯದಲ್ಲಿ ಮನುಷ್ಯ ಒಂದು ಕಡೆ, ಹುಚ್ಚು ಇನ್ನೊಂದು ಕಡೆ ಇದ್ದಾರೆ. ಬಂದದ್ದು ಹೋಗಬಹುದು ಎಂಬ ಭರವಸೆ ಕ್ರಿಯಾಪದದಲ್ಲೇ ಇದೆ. 2017ರ ಕಾಯ್ದೆ ಕಷ್ಟಪಟ್ಟು ಹೇಳಿದ್ದನ್ನು ನಮ್ಮ ಚತುರ್ಥಿ ವಿಭಕ್ತಿ ಎಂದೋ ಹೇಳಿತ್ತು.

ಈಗ ಉಕಾರ ತೆಗೆದು ಅಕಾರ ಹಾಕಿ. ಹುಚ್ಚ. ಜ್ವರ ಬಂದವನಿಗೆ ಕನ್ನಡದಲ್ಲಿ ಇಂಥ ಪದ ಇಲ್ಲ, ಕೆಮ್ಮಿದವನನ್ನು ‘ಕೆಮ್ಮ’ ಎನ್ನುವುದಿಲ್ಲ. ಕುರುಡು ಕುರುಡನಾಗುತ್ತದೆ, ಕುಂಟು ಕುಂಟನಾಗುತ್ತದೆ, ಕಿವುಡು ಕಿವುಡನಾಗುತ್ತದೆ, ಹುಚ್ಚು ಹುಚ್ಚನಾಗುತ್ತದೆ. ಬಂದು ಹೋಗುವ ಜ್ವರದ ಸಾಲಿನಲ್ಲಿದ್ದದ್ದು ಈ ಒಂದು ಅಕ್ಷರದಿಂದ ಹುಟ್ಟಿನಿಂದ ಸಾಯುವವರೆಗಿನ ಸಾಲಿಗೆ ಬಂದು ಕೂರುತ್ತದೆ. ಅಲ್ಲಿ ‘ಬಿಟ್ಟಿತು’ ಎನ್ನಲು ಕ್ರಿಯಾಪದವೇ ಇಲ್ಲ.

ಇನ್ನೊಂದನ್ನು ಗಮನಿಸಿ. ಹುಚ್ಚ ಎಂದ ಕೂಡಲೇ ಬಹುವಚನದ ಗೌರವ ಬಿದ್ದುಹೋಗುತ್ತದೆ. ಅರವತ್ತು ವರ್ಷದ ನಿವೃತ್ತ ಮೇಷ್ಟರು ದಾರಿ ತಪ್ಪಿ ಬಸ್ ನಿಲ್ದಾಣದಲ್ಲಿ ಎರಡು ದಿನ ಕುಳಿತಿದ್ದರೆ ವರದಿಯಲ್ಲಿ ‘ಆತ’, ‘ಅವನು’ ಆಗುತ್ತಾರೆ. ಬೀದಿಯ ಬಾಯಿಯಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ: ‘ಯಾವುದೋ ಹುಚ್ಚು ಬಾಗಿಲಿಗೆ ಬಂದು ನಿಂತಿದೆ.’ ನಪುಂಸಕಲಿಂಗ. ನಾಯಿ ಬಂದಿದೆ, ದನ ಬಂದಿದೆ ಎಂಬಂತೆ. ಪುಸ್ತಕದ ಹುಚ್ಚಿರುವವರನ್ನು ಯಾರೂ ‘ಅದು’ ಎನ್ನುವುದಿಲ್ಲ. ಅವರಿಗೆ ಶಾಲು ಹೊದಿಸುತ್ತಾರೆ.

ಹೊಸ ಸಭ್ಯ ಪದ ತಂದರೆ ಸಾಕಲ್ಲವೇ?

ಸ್ವಲ್ಪ ಕಾಲಕ್ಕೆ ಸಾಕು. ಮೆಂಟಲ್‌ಗೆ ಏನಾಯಿತು ಎಂದು ನೋಡಿದಿರಿ. ಇಂಗ್ಲಿಷಿನ ‘ಮೋರನ್’ ಕೂಡ 1910ರಲ್ಲಿ ಮನಶ್ಶಾಸ್ತ್ರಜ್ಞರೊಬ್ಬರು ಬುದ್ಧಿಮಟ್ಟದ ಒಂದು ದರ್ಜೆಗೆಂದು ಗ್ರೀಕಿನಿಂದ ತಂದ ಪರಿಭಾಷೆ. ಈಗ ಅದು ಶಾಲೆಯ ಅಂಗಳದ ಬೈಗುಳ. ಜಪಾನಿನಲ್ಲಿ ಸ್ಕಿಜೋಫ್ರೇನಿಯಾಕ್ಕೆ ‘ಮನಸ್ಸು ಒಡೆದ ರೋಗ’ ಎಂಬ ಅರ್ಥದ ಹೆಸರಿತ್ತು. ರೋಗಿಗಳ ಕುಟುಂಬದವರು ಒತ್ತಾಯಿಸಿ, 2002ರಲ್ಲಿ ‘ಹೊಂದಾಣಿಕೆ ತಪ್ಪಿದ ಸ್ಥಿತಿ’ ಎಂಬರ್ಥದ ಹೆಸರು ತಂದರು. ವೈದ್ಯರು ರೋಗಿಗೆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದು ಆ ಬಳಿಕ ಹೆಚ್ಚಾಯಿತು. ಹೆಸರಿನಿಂದ ಏನೂ ಆಗುವುದಿಲ್ಲ ಎನ್ನುವವರಿಗೆ ಇದನ್ನು ಹೇಳುತ್ತೇನೆ. ಹೆಸರಿನಿಂದಲೇ ಎಲ್ಲ ಆಗುತ್ತದೆ ಎನ್ನುವವರಿಗೆ ‘ಬುದ್ಧಿಮಾಂದ್ಯ’ ಎಂಬ ಶಾಸ್ತ್ರೀಯ ಪದ ಬೈಗುಳವಾದದ್ದನ್ನು ತೋರಿಸುತ್ತೇನೆ.

ಹಾಗಾದರೆ ಸುದ್ದಿಯಲ್ಲಿ ಏನು ಬರೆಯಲಿ?

ಕಾಯಿಲೆ ಸುದ್ದಿಗೆ ಸಂಬಂಧವೇ ಇಲ್ಲದಿದ್ದರೆ ಬರೆಯಬೇಡಿ. ಸಂಬಂಧವಿದ್ದರೆ ಇರುವ ಹೆಸರಿನಿಂದ ಕರೆಯಿರಿ: ಖಿನ್ನತೆ, ಸ್ಕಿಜೋಫ್ರೇನಿಯಾ, ಮರೆವಿನ ಕಾಯಿಲೆ. ಪೊಲೀಸರು ‘ಮಾನಸಿಕ ಅಸ್ವಸ್ಥ’ ಎಂದರು ಎಂದ ಮಾತ್ರಕ್ಕೆ ಅದು ರೋಗನಿರ್ಣಯವಲ್ಲ, ಅವರ ಬಳಿ ಸ್ಟೆತಾಸ್ಕೋಪ್ ಇರುವುದಿಲ್ಲ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೊ, ವಿವರಗಳನ್ನು ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವುದನ್ನು 2017ರ ಕಾಯ್ದೆಯ 24ನೇ ಕಲಮು ತಡೆಯುತ್ತದೆ. ‘ಹುಚ್ಚಾಟ’ವನ್ನು ರಾಜಕಾರಣಿಗಳಿಗೆ ಬಳಸುವುದನ್ನು ನಾನು ತಡೆಯುವುದಿಲ್ಲ, ನಿಲ್ಲಿಸಿ ಎಂದು ಮೇಲಿನವರು ಹೇಳುವವರೆಗೆ. ಮತ್ತು ವಯಸ್ಸಾದವರಿಗೆ ‘ಅವರು’ ಎಂದು ಬರೆಯಿರಿ. ಅದಕ್ಕೆ ಯಾವ ಮಾರ್ಗಸೂಚಿಯೂ ಬೇಕಾಗಿಲ್ಲ.

ಕಾಯಿಲೆ ಅನುಭವಿಸಿದವರೇ ‘ಹುಚ್ಚು’ ಎಂದರೆ ತಿದ್ದಬೇಕೇ?

ತಿದ್ದಬೇಡಿ. ಅವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಇಡಿ.

ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1971ರಲ್ಲಿ ‘ಶರಪಂಜರ’ ಎಂಬ ಚಿತ್ರ ಮಾಡಿದರು. ಕಲ್ಪನಾ ಮಾಡಿದ ಕಾವೇರಿ ಗುಣವಾಗಿ ಮನೆಗೆ ಬರುತ್ತಾಳೆ, ಆದರೆ ಮನೆ, ನೆರೆಹೊರೆ ಎಲ್ಲರ ಕಣ್ಣಿನಲ್ಲೂ ಅವಳು ಹುಚ್ಚಿಯಾಗಿಯೇ ಉಳಿಯುತ್ತಾಳೆ. ನಮ್ಮ ಊರಿನ ಟೆಂಟಿಗೆ ಅದು ಬಂದಾಗ ದೊಡ್ಡಮ್ಮ ನೋಡಲೇಬೇಕು ಎಂದು ಹಟ ಹಿಡಿದು ಹೋದರಂತೆ. ಬಂದು ಏನೂ ಹೇಳಲಿಲ್ಲ, ಹಸುವಿಗೆ ಹುಲ್ಲು ಹಾಕಿ ಮಲಗಿದರಂತೆ.

ಅವರ ಆ ಮೂರನೆಯ ಮಗಳಿಗೆ ಗಂಡು ನೋಡುವ ಕಾಲ ಬಂದಾಗ ನಾನು ಅಲ್ಲಿಯೇ ಇದ್ದೆ. ತಿಪಟೂರಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಗಿತ್ತು. ಗಂಡಿನ ಸೋದರಮಾವ ತಟ್ಟೆ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ದೊಡ್ಡಪ್ಪನ ಕಡೆ ನೋಡಿ ಕೇಳಿದರು: ‘ಅಮ್ಮನವರಿಗೆ ಹಿಂದೆ ಯಾವಾಗಲೋ ಸ್ವಲ್ಪ ಆರೋಗ್ಯ ಸರಿ ಇರಲಿಲ್ಲ ಎಂದು ಕೇಳಿದ್ದೆವು…’ ದೊಡ್ಡಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒಳಗಿನಿಂದ ಕಾಫಿ ತಂದ ದೊಡ್ಡಮ್ಮ ಲೋಟಗಳನ್ನು ಒಂದೊಂದಾಗಿ ಅವರ ಮುಂದಿಟ್ಟರು.

‘ಹುಚ್ಚು ಹಿಡಿದಿತ್ತು ಅಣ್ಣ, ಇವಳು ಹುಟ್ಟಿದಾಗ. ಎರಡು ತಿಂಗಳಿಗೆ ಬಿಟ್ಟಿತು. ಸಕ್ಕರೆ ಸಾಕೇ, ನೋಡಿ.’